ಟ್ಯಾಂಕಿನೊಳಗಿನ ಚಿಟಪಟ

— ಎಣ್ಣೆ ರಿಪೋರ್ಟಲ್ಲಿ ಹೈಡ್ರೋಜನ್ ಏರ್ತಾ ಇದೆ ಅಂತ ಬಂದಿದೆಯಲ್ಲ, ಅಷ್ಟು ಸಾಲದಾ? ಮತ್ತೆ ಟ್ರಾನ್ಸ್‌ಫಾರ್ಮರ್ ಒಳಗೆ ಆಂಟೆನಾ ಯಾಕೆ ತೂರಿಸ್ತೀರಿ? ನಾನು ಸ್ಟೇಷನ್ನಲ್ಲಿದ್ದಾಗ ಸ್ಯಾಂಪಲ್ ಬಾಟಲಿ ಲ್ಯಾಬಿಗೆ ಕಳಿಸ್ತಿದ್ವಿ, ಯಾವ ಗ್ಯಾಸು ಎಷ್ಟು ಪಿಪಿಎಂ ಅಂತ ಬರೆದು ಕಳಿಸ್ತಿದ್ರು, ಅದರ ಮೇಲೆ ತೀರ್ಮಾನ. ನಡೀತಿತ್ತು.

— ಈಗಲೂ ನಡಿಯತ್ತೆ ಮಾವ. ಆದ್ರೆ ಹೈಡ್ರೋಜನ್ ಯಾಕೆ ಏರ್ತಿದೆ ಅಂತ ಆ ಕಾಗದ ಹೇಳತ್ತಾ?

— ಒಳಗೆಲ್ಲೋ ಪಿಡಿ ಆಗ್ತಿದೆ ಅಂತ. ಅಸಿಟಿಲೀನ್ ಇದ್ರೆ ದೊಡ್ಡ ಕಿಡಿ, ಎಥಿಲೀನ್ ಇದ್ರೆ ಬಿಸಿ, ಬರೀ ಹೈಡ್ರೋಜನ್ ಆದ್ರೆ ಪಿಡಿ. ಗ್ಯಾಸುಗಳ ಪಾಲು ಗುರುತು ಹಾಕೋ ಡುವಾಲ್ ತ್ರಿಕೋಣ ಬಿಡಿಸಿ ಬಿಡಿಸಿ ನನ್ನ ಪೆನ್ಸಿಲ್ ಸವೆದಿದೆ.

— ಪಿಡಿ ಇರಬಹುದು. ಇಲ್ಲಾ, ಎಣ್ಣೆಯೇ ಬಿಸಿಗೆ ಸುಮ್ಮಸುಮ್ಮನೆ ಹೈಡ್ರೋಜನ್ ಬಿಡ್ತಿರಬಹುದು. ಕೆಲವು ಎಣ್ಣೆಗಳಿಗೆ ಆ ಚಾಳಿ ಇದೆ. ನೂರು ಡಿಗ್ರಿ ಆಸುಪಾಸು ಸಾಕು, ಒಳಗೆ ಏನೂ ಕೆಟ್ಟಿರಲೇಬೇಕು ಅಂತಿಲ್ಲ. ಪಿಡಿಯೇ ಅಂತ ಇಟ್ಟುಕೊಂಡ್ರೂ ಯಾವ ಫೇಸಲ್ಲಿ, ವೈಂಡಿಂಗಿನ ತಲೆಯಲ್ಲೋ ಬುಡದಲ್ಲೋ, ಟ್ಯಾಪ್ ಚೇಂಜರಿಗೆ ಹೋಗೋ ಲೀಡಲ್ಲೋ? ಗ್ಯಾಸು ಹತ್ತಾರು ಸಾವಿರ ಲೀಟರ್ ಎಣ್ಣೆಯಲ್ಲಿ ಕರಗಿ ಎಲ್ಲ ಕಡೆ ಒಂದೇ ಸಮ ಆಗಿಬಿಟ್ಟಿರತ್ತೆ. ಎಲ್ಲಿಂದ ಹುಟ್ಟಿತು ಅನ್ನೋದಕ್ಕೆ ಅದರಲ್ಲಿ ಗುರುತಿಲ್ಲ. ನಿಮ್ಮ ಹಳೇ ಸ್ಟೇಷನ್ನಿನ ಆ 100 ಎಂವಿಎ, 220/66 ಕೆವಿ ಟ್ರಾನ್ಸ್‌ಫಾರ್ಮರಿಗೆ ನಮ್ಮನ್ನ ಕರೆದಿರೋದು ಇದಕ್ಕೇ.

— ಸರಿ. ಇದನ್ನ ಇಂಟರ್‌ವ್ಯೂ ಅಂದ್ಕೋ. ಬೋರ್ಡಿನ ಆ ಕಡೆ ನಾನಿದ್ದೀನಿ, ಪಕ್ಕದಲ್ಲಿ ಎಂಜಿನಿಯರ್ ಅಲ್ಲದ ಒಬ್ಬ ಮೆಂಬರೂ ಕೂತಿದ್ದಾರೆ. ಪಿಡಿ ಅಂದ್ರೇನು ಅಂತ ಅವರಿಗೆ ಅರ್ಥ ಆಗೋ ಹಾಗೆ ಹೇಳು.

— ಟ್ರಾನ್ಸ್‌ಫಾರ್ಮರ್ ಒಳಗೆ ತಾಮ್ರದ ಸುರುಳಿ. ಅದಕ್ಕೆ ಸುತ್ತಿರೋದು ಕಾಗದ, ಸುರುಳಿಗೂ ಸುರುಳಿಗೂ ನಡುವೆ ಪ್ರೆಸ್‌ಬೋರ್ಡ್ ಅನ್ನೋ ದಪ್ಪ ರಟ್ಟು, ಎಲ್ಲವೂ ಎಣ್ಣೆಯಲ್ಲಿ ಮುಳುಗಿದೆ. ಎರಡು ಲಕ್ಷ ವೋಲ್ಟು ತಡೀತಿರೋದು ಕಾಗದ, ರಟ್ಟು, ಎಣ್ಣೆ, ಇಷ್ಟೇ. ಕಾಗದ ಒಣಗಿಸಿ ಎಣ್ಣೆ ಕುಡಿಸುವಾಗ ಎಲ್ಲೋ ಒಂದು ಚೂರು ಗಾಳಿ ಉಳಿದುಬಿಟ್ಟಿದೆ ಅಂದ್ಕೊಳ್ಳಿ. ಎಣ್ಣೆ ಹೀರಿದ ಕಾಗದದ ಪರ್ಮಿಟಿವಿಟಿ ಸುಮಾರು 4, ಗಾಳಿಯದು 1. ಹಾಗಾಗಿ ಗುಳ್ಳೆ ಚಪ್ಪಟೆಯಾಗಿದ್ರೆ ಅದರೊಳಗಿನ ವಿದ್ಯುತ್ ಕ್ಷೇತ್ರ ಸುತ್ತಲಿನ ಕಾಗದಕ್ಕಿಂತ ಹತ್ತಿರ ಹತ್ತಿರ ನಾಲ್ಕು ಪಟ್ಟು. ತಡೆಯೋ ತಾಕತ್ತು ಮಾತ್ರ ಗಾಳಿಗೆ ಕಡಿಮೆ, ಮಿಲಿಮೀಟರಿಗೆ ಸುಮಾರು 3 ಕೆವಿ. ಹೊರೆ ಜಾಸ್ತಿ, ಬಲ ಕಡಿಮೆ. ಗುಳ್ಳೆಯೊಳಗೆ ಕಿಡಿ ಹಾರತ್ತೆ. ಸುತ್ತಲಿನ ಕಾಗದ ಇನ್ನೂ ಗಟ್ಟಿ ಇರೋದ್ರಿಂದ ಅಲ್ಲಿಗೇ ನಿಲ್ಲತ್ತೆ, ಈ ತುದಿಯಿಂದ ಆ ತುದಿಗೆ ದಾಟಲ್ಲ. ಅದಕ್ಕೇ ಪಾರ್ಷಿಯಲ್ ಡಿಸ್ಚಾರ್ಜ್.

— ರಿಲೇಗೆ ಗೊತ್ತಾಗಲ್ಲ.

— ಯಾವ ರಿಲೇಗೂ ಗೊತ್ತಾಗಲ್ಲ. ಡಿಫರೆನ್ಷಿಯಲ್ ಸುಮ್ಮನಿರತ್ತೆ, ಬುಕೋಲ್ಜ್ ಸುಮ್ಮನಿರತ್ತೆ, ಆಂಪಿಯರ್ ಮೀಟರಿನ ಮುಳ್ಳು ಅಲುಗಲ್ಲ. ಆದ್ರೆ ಸೆಕೆಂಡಿಗೆ 50 ಸೈಕಲ್, ಪ್ರತಿ ಸೈಕಲಲ್ಲೂ ಕಿಡಿ. ಒಂದೊಂದೂ ಕಾಗದವನ್ನ ಒಂದಿಷ್ಟು ಸುಡತ್ತೆ, ಎಣ್ಣೆಯನ್ನ ಒಂದಿಷ್ಟು ಒಡೆಯತ್ತೆ. ಒಡೆದ ಎಣ್ಣೆಯಿಂದ ನಿಮ್ಮ ಹೈಡ್ರೋಜನ್. ಸುಟ್ಟ ಕಾಗದದಿಂದ ಇಂಗಾಲ, ಇಂಗಾಲಕ್ಕೆ ಕರೆಂಟ್ ಹರಿಯತ್ತೆ. ಪ್ರೆಸ್‌ಬೋರ್ಡ್ ಮೇಲೆ ಅದು ಕಪ್ಪಗೆ ಕವಲೊಡೆದು ಹರಡೋದನ್ನ ನೀವು ಬಿಚ್ಚಿದ ಟ್ರಾನ್ಸ್‌ಫಾರ್ಮರಲ್ಲಿ ನೋಡಿರ್ತೀರಿ.

— ನೋಡಿದ್ದೀನಿ. ಬೇರಿನ ಹಾಗೆ ಹರಡಿರತ್ತೆ, ಬೆರಳಿಟ್ರೆ ಮಸಿ. ಅದಕ್ಕೆ ವರ್ಷಗಳೂ ಬೇಕಾಗಬಹುದು, ಕೆಲವು ವಾರವೂ ಸಾಕಾಗಬಹುದು. ಮೆಂಬರಿಗೆ ಅರ್ಥ ಆಯ್ತಂತೆ. ಈಗ ನನ್ನ ಪ್ರಶ್ನೆ. ಫ್ಯಾಕ್ಟರಿ ಟೆಸ್ಟಲ್ಲಿ ಇದನ್ನ ಅಳೀತಾರಲ್ಲ?

— ಅಳೀತಾರೆ. ಐಇಸಿ 60270 ಪ್ರಕಾರ, ಪಿಕೊಕೂಲಂಬ್ ಲೆಕ್ಕದಲ್ಲಿ. ಟ್ರಾನ್ಸ್‌ಫಾರ್ಮರಿನ ಸ್ಟ್ಯಾಂಡರ್ಡ್ 60076-3ರ 2013ರ ಆವೃತ್ತಿ ಪ್ರಕಾರ ಮಾಮೂಲಿ ಫೇಸ್ ವೋಲ್ಟೇಜಿನ 1.58 ಪಟ್ಟು ಕೊಟ್ಟು ಒಂದು ಗಂಟೆ ನಿಲ್ಲಿಸಬೇಕು, ಅಷ್ಟೂ ಹೊತ್ತು ಪಿಡಿ 250 ಪಿಕೊಕೂಲಂಬ್ ದಾಟಬಾರದು.

— ನಮ್ಮ ಕಾಲದಲ್ಲಿ 500 ಇತ್ತು.

— ಹೌದು, ಬಿಗಿ ಮಾಡಿದ್ರು. 250 ಪಿಕೊಕೂಲಂಬ್ ಅಂದ್ರೆ ಸುಮಾರು 156 ಕೋಟಿ ಎಲೆಕ್ಟ್ರಾನ್. ಕೇಳೋಕೆ ದೊಡ್ಡದು, ಆದ್ರೆ ಅಷ್ಟನ್ನ ಹಿಡಿಯೋಕೆ ಹಾಲ್ ಪೂರ್ತಿ ತಗಡು ಹೊದಿಸಿ, ಹೊರಗಿನ ಗದ್ದಲ ಒಳಗೆ ಬರದ ಹಾಗೆ ಮಾಡಿರ್ತಾರೆ. ಅದೇ ಉಪಕರಣ ತಂದು ನಿಮ್ಮ ಯಾರ್ಡಲ್ಲಿ ಇಟ್ರೆ?

— ಯಾರ್ಡಲ್ಲಿ ಕರೋನಾ. ಮಳೆಗಾಲದ ರಾತ್ರಿ 220 ಕೆವಿ ಬಸ್ ಕೆಳಗೆ ನಿಂತ್ರೆ ಕಿವಿಗೇ ಕೇಳತ್ತೆ, ಜುಂಯ್ ಅಂತ.

— ಅದರ ಮುಂದೆ ಟ್ಯಾಂಕಿನೊಳಗಿನ ಚಿಟಪಟ ಮುಳುಗೇ ಹೋಗತ್ತೆ. ಅಲ್ಲಿಂದ ಶುರು ಆಗಿದ್ದು ರೇಡಿಯೋ ದಾರಿ. ಮೀಡಿಯಂ ವೇವಲ್ಲಿ ಆಕಾಶವಾಣಿ ಕೇಳುವಾಗ ಪಕ್ಕದ ರೂಮಿನ ಸ್ವಿಚ್ ಹಾಕಿದ್ರೆ ಟಪ್ ಅನ್ನೋದಲ್ಲ ಮಾವ, ಕಿಡಿ ಎಲ್ಲಿದ್ರೂ ರೇಡಿಯೋ ಅಲೆ ಹುಟ್ಟತ್ತೆ. ಎಣ್ಣೆಯೊಳಗಿನ ಈ ಕಿಡಿ ಎಷ್ಟು ಚುರುಕು ಅಂದ್ರೆ ಒಂದು ನ್ಯಾನೊಸೆಕೆಂಡಿಗಿಂತ ಕಡಿಮೆ ಹೊತ್ತಲ್ಲಿ ಕರೆಂಟು ತುದಿ ಮುಟ್ಟತ್ತೆ. ಅಷ್ಟು ಚುರುಕು ಇರೋದ್ರಿಂದ ಅದರ ಅಲೆ ಗಿಗಾಹರ್ಟ್ಸ್ ದಾಟಿ ಹೋಗತ್ತೆ. ನಾವು ಕೇಳೋದು 300 ಮೆಗಾಹರ್ಟ್ಸಿಂದ 3 ಗಿಗಾಹರ್ಟ್ಸ್ ನಡುವೆ, ಯುಎಚ್‌ಎಫ್ ಪಟ್ಟೆಯಲ್ಲಿ. ಬಯಲಿನ ಕರೋನಾ ಅಷ್ಟು ಎತ್ತರಕ್ಕೆ ಏರಲ್ಲ, ಬಹುಪಾಲು ಕೆಳಗೇ ಉಳಿಯತ್ತೆ. ಉಳಿದಿದ್ದನ್ನ ಟ್ಯಾಂಕಿನ ಉಕ್ಕು ತಡಿಯತ್ತೆ. ಒಳಗಿನದು ಹೊರಗೆ ಹೋಗದ ಹಾಗೆ ಇರೋ ಟ್ಯಾಂಕು ಹೊರಗಿನದನ್ನೂ ಒಳಗೆ ಬಿಡಲ್ಲ.

— ಇದು ಮೊದಲು ಗ್ಯಾಸ್ ತುಂಬಿದ ಸ್ವಿಚ್‌ಗೇರಲ್ಲಿ, ಅಂದ್ರೆ ಜಿಐಎಸ್‌ನಲ್ಲಿ ಬಂತು ಅಲ್ವಾ?

— ಸ್ಕಾಟ್ಲೆಂಡಿನ ಟೋರ್ನೆಸ್ ಅಣುಸ್ಥಾವರದ ಜಿಐಎಸ್‌ನಲ್ಲಿ, 1980ರ ದಶಕದಲ್ಲಿ. ಆಮೇಲೆ ಗ್ಲಾಸ್ಗೋದ ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಜಡ್ ಮತ್ತವರ ಜೊತೆಯವರು ಅದನ್ನ ಟ್ರಾನ್ಸ್‌ಫಾರ್ಮರಿಗೆ ತಂದ್ರು. ಜರ್ಮನಿಯ ಸ್ಟುಟ್‌ಗಾರ್ಟಲ್ಲಿ ಸ್ಟೆಫಾನ್ ಟೆನ್‌ಬೋಲೆನ್ ಅವರ ತಂಡ ಡ್ರೇನ್ ವಾಲ್ವ್ ಸೆನ್ಸರ್ ಮೇಲೆ ಬಹಳ ಕೆಲಸ ಮಾಡಿದೆ. ಆದ್ರೆ ಜಿಐಎಸ್ ಅಂದ್ರೆ ನೆಟ್ಟಗಿನ ಕೊಳವೆ, ಒಳಗೆ ಗ್ಯಾಸು, ಮಧ್ಯದಲ್ಲೊಂದು ಕಂಡಕ್ಟರ್. ಅಲೆ ಆ ಕಡೆ ಈ ಕಡೆ ಬಿಟ್ರೆ ಬೇರೆಲ್ಲೂ ಹೋಗೋ ಹಾಗಿಲ್ಲ. ಟ್ರಾನ್ಸ್‌ಫಾರ್ಮರ್ ಹಾಗಲ್ಲ. ಕೋರು, ಮೂರು ಸುರುಳಿ, ಲೀಡು, ಕ್ಲಾಂಪು, ಟ್ಯಾಂಕಿನ ಗೋಡೆಗೆ ಹೊಡೆದ ಶಂಟು. ಅಲೆ ಅಲ್ಲಿ ಇಲ್ಲಿ ಬಡಿದು ಬಾವಿಗೆ ಬಗ್ಗಿ ಕೂಗಿದ ಹಾಗೆ ಮರುದನಿ ಬರ್ತಾನೇ ಇರತ್ತೆ. ಒಂದು ನ್ಯಾನೊಸೆಕೆಂಡಿನ ಕಿಡಿಗೆ ನೂರಾರು ನ್ಯಾನೊಸೆಕೆಂಡ್ ಟ್ಯಾಂಕು ಗುಂಯ್‌ಗುಡತ್ತೆ.

— ಹಾಗಾದ್ರೆ ಜಾಗ ಹೇಗೆ ಹಿಡೀತೀರಿ? ಮರುದನಿಯಲ್ಲಿ ಎಲ್ಲ ಕಲಸಿ ಹೋಗಲ್ವಾ?

— ಮೊದಲ ತುದಿ ಮಾತ್ರ ನೋಡ್ತೀವಿ. ಮರುದನಿ ಎಷ್ಟಾದ್ರೂ ಬರಲಿ, ಎಲ್ಲಕ್ಕಿಂತ ಮೊದಲು ತಲುಪೋದು ಹತ್ತಿರದ ದಾರಿಯಲ್ಲಿ ಬಂದದ್ದು. ರೇಡಿಯೋ ಅಲೆಗೆ ಎಣ್ಣೆಯಲ್ಲಿ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್, ಗಾಳಿಯಲ್ಲಿ ಇರೋದರ ಮೂರರಲ್ಲಿ ಎರಡು ಪಾಲು. ನಮ್ಮ ಲೆಕ್ಕಕ್ಕೆ ಒಂದು ನ್ಯಾನೊಸೆಕೆಂಡಿಗೆ 20 ಸೆಂಟಿಮೀಟರ್. ಎರಡು ಸೆನ್ಸರಿಗೆ 5 ನ್ಯಾನೊಸೆಕೆಂಡ್ ಹಿಂದೆ ಮುಂದೆ ಬಂದ್ರೆ ಒಂದು ಮೀಟರ್ ವ್ಯತ್ಯಾಸ. ನಾಲ್ಕು ಸೆನ್ಸರ್ ಇದ್ರೆ ಮೂರು ವ್ಯತ್ಯಾಸ ಸಿಗತ್ತೆ, ಅದರಿಂದ ಉದ್ದ, ಅಗಲ, ಎತ್ತರ.

— ಪೇಪರ್ ಮೇಲೆ ಚೆನ್ನಾಗಿದೆ. ಸುರುಳಿಯ ಹಿಂದೆ ಕಿಡಿ ಇದ್ರೆ ನೇರ ದಾರಿ ಎಲ್ಲಿದೆ?

— ಇಲ್ಲ. ಸುತ್ತಿ ಬರಬೇಕು. ಸುತ್ತಿ ಬಂದ್ರೆ ತಡ, ತಡವಾದ್ರೆ ಲೆಕ್ಕ ತಪ್ಪು. ಮೊದಲ ತುದಿಯೇ ಕ್ಷೀಣವಾಗಿ ಗದ್ದಲದೊಳಗೆ ಸೇರಿಹೋದ್ರೆ ಇನ್ನೂ ತಪ್ಪು. ಅರ್ಧ ಮೀಟರ್ ಆಸುಪಾಸಿನಲ್ಲಿ ಜಾಗ ಸಿಕ್ಕಿದ್ರೆ ನಮಗೆ ಹಬ್ಬ. ಅದಕ್ಕೇ ಶಬ್ದದ ಸೆನ್ಸರನ್ನೂ ಜೊತೆಗೆ ಒಯ್ತೀವಿ. ಕಿಡಿ ಹಾರಿದಾಗ ಸಣ್ಣಗೆ ಸದ್ದೂ ಆಗತ್ತೆ, ನಮ್ಮ ಕಿವಿಗೆ ಕೇಳೋ ಮಟ್ಟಕ್ಕಿಂತ ಮೇಲಿನ ಸದ್ದು. ಆಯಸ್ಕಾಂತದ ಹಿಡಿಕೆಯಲ್ಲಿ ಟ್ಯಾಂಕಿನ ಹೊರಗೋಡೆಗೆ ಅಂಟಿಸ್ತೀವಿ, ನಡುವೆ ಗ್ರೀಸ್ ಸವರಿ.

— ಅದು ಹಳೇ ವಿದ್ಯೆ. ನಾವೂ ಮಾಡಿಸಿದ್ವಿ. ಫ್ಯಾನ್ ಸದ್ದು, ಪಂಪ್ ಸದ್ದು, ಕೋರಿನ ಗುಂಯ್, ಅದರಲ್ಲಿ ಏನೂ ತಿಳೀಲಿಲ್ಲ.

— ಒಂದನ್ನೇ ಇಟ್ರೆ ತಿಳಿಯಲ್ಲ. ಈಗ ಎರಡನ್ನೂ ಕಟ್ಟಿ ಹಾಕ್ತೀವಿ. ಎಣ್ಣೆಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 1400 ಮೀಟರ್. ಒಂದು ಮೀಟರ್ ದಾಟೋಕೆ ಅದಕ್ಕೆ 700 ಮೈಕ್ರೊಸೆಕೆಂಡ್ ಬೇಕು, ರೇಡಿಯೋಗೆ 5 ನ್ಯಾನೊಸೆಕೆಂಡ್ ಸಾಕು. ಸದ್ದಿನ ಲೆಕ್ಕದಲ್ಲಿ ರೇಡಿಯೋ ಹುಟ್ಟಿದ ಗಳಿಗೆಗೇ ತಲುಪಿತು ಅಂತಲೇ ಇಟ್ಟುಕೋಬಹುದು. ಆಂಟೆನಾಗೆ ಅಲೆ ಬಂದ ಕೂಡಲೇ ಗಡಿಯಾರ ಶುರು, ಸದ್ದು ಬಂದಾಗ ನಿಲ್ಲಿಸು, ದೂರ ಸಿಕ್ಕಿತು. ಇನ್ನೊಂದು ಲಾಭ ಇದೆ. ಯಾವಾಗ ಕೇಳಬೇಕು ಅಂತ ಆಂಟೆನಾ ಹೇಳೋದ್ರಿಂದ ನೂರು ಸಲ ಕೇಳಿ ಒಂದರ ಮೇಲೊಂದು ಕೂಡಿಸಿ ಸರಾಸರಿ ತೆಗೀಬಹುದು. ಫ್ಯಾನಿನ ಸದ್ದಿಗೆ ತಾಳ ಇಲ್ಲ, ಒಂದಕ್ಕೊಂದು ಹೊಡೆದುಹೋಗಿ ಹತ್ತರಲ್ಲಿ ಒಂದು ಪಾಲಿಗೆ ಇಳಿಯತ್ತೆ. ಕಿಡಿಯ ಸದ್ದು ಪ್ರತಿ ಸಲ ಅದೇ ಜಾಗದಲ್ಲಿ ಬರೋದ್ರಿಂದ ಉಳಿಯತ್ತೆ.

— ಹ್ಞೂಂ. ಇದು ಚೆನ್ನಾಗಿದೆ. ಆದ್ರೆ ಸದ್ದು ಎಣ್ಣೆಯಲ್ಲೇ ಬರತ್ತೆ ಅಂತ ಯಾಕೆ ನಂಬ್ತೀಯ? ಉಕ್ಕಿನ ಗೋಡೆ ಹಿಡಿದು ಬಂದ್ರೆ?

— ಬರತ್ತೆ. ಉಕ್ಕಿನಲ್ಲಿ ಮೂರು ಪಟ್ಟಿಗಿಂತಲೂ ವೇಗ. ಕಿಡಿ ದೂರ ಇದ್ರೆ ಮೊದಲು ಗೋಡೆಗೆ ಬಡಿದು ಗೋಡೆಯಲ್ಲೇ ಓಡಿ ಬಂದದ್ದು ಎಣ್ಣೆಯ ಸದ್ದಿಗಿಂತ ಮುಂಚೆ ತಲುಪಿಬಿಡತ್ತೆ. ಹಾಗಾಗಿ ಸೆನ್ಸರನ್ನ ಕಿತ್ತು ಕಿತ್ತು ಜಾಗ ಬದಲಾಯಿಸ್ತೀವಿ. ಹತ್ತಿರ ಹೋದ ಹಾಗೆ ಎರಡೂ ಕೂಡಿಕೊಳ್ಳತ್ತೆ. ಬಿಸಿಲಲ್ಲಿ ಕಾದ ಟ್ಯಾಂಕಿನ ಸುತ್ತ ಇಡೀ ದಿನ ಅದೇ ಕೆಲಸ.

— ಆಂಟೆನಾ ಒಳಗೆ ಹೋಗೋದು ಹೇಗೆ? ಎಣ್ಣೆ ಇಳಿಸಬೇಕಾ?

— ಬೇಡ. ಡ್ರೇನ್ ವಾಲ್ವಿನ ಹೊರಗಿನ ಫ್ಲ್ಯಾಂಜಿಗೆ ಸೆನ್ಸರ್ ಕೂರಿಸಿ, ಬೋಲ್ಟ್ ಬಿಗಿದು, ವಾಲ್ವ್ ಸ್ವಲ್ಪ ತೆಗೆದು, ಕೊಳವೆಯೊಳಗಿನ ಗಾಳಿಯನ್ನ ಬ್ಲೀಡ್ ಸ್ಕ್ರೂ ಸಡಿಲಿಸಿ ಹೊರಗೆ ಬಿಡಬೇಕು. ಎಣ್ಣೆ ಗುಳ್ಳೆಯಿಲ್ಲದೆ ಹನಿಯೋ ತನಕ ಕಾಯಬೇಕು. ಪಿಡಿ ಹುಡುಕೋಕೆ ಹೋಗಿ ನಾವೇ ಗಾಳಿ ಗುಳ್ಳೆ ಒಳಗೆ ಬಿಟ್ರೆ ಮುಗೀತು. ಆಮೇಲೆ ವಾಲ್ವ್ ಪೂರ್ತಿ ತೆಗೆದು ಆಂಟೆನಾ ಒಳಕ್ಕೆ ತಳ್ಳೋದು. ಚಾರ್ಜ್ ಇರುವಾಗಲೇ ಮಾಡಬಹುದು ಅಂತಾರೆ.

— ಅಂತಾರೆ! ನೀನು?

— ನಾನು ಲೈನ್ ಆಫ್ ಮಾಡಿಸಿ ಎಲ್‌ಸಿ ಕೇಳ್ತೀನಿ. ಕೊಡದಿದ್ರೆ ಜಗಳ ಮಾಡ್ತೀನಿ.

— ಶಭಾಷ್. ಎಷ್ಟು ಒಳಕ್ಕೆ?

— ಅದು ಇದರಲ್ಲಿ ನನಗೆ ಬಹಳ ಇಷ್ಟದ ಪ್ರಶ್ನೆ. ಜಾಸ್ತಿ ತಳ್ಳಿದ್ರೆ ಲೋಹದ ಕಡ್ಡಿಯೊಂದು ಹೈ ವೋಲ್ಟೇಜ್ ಇರೋ ಕಡೆಗೆ ಚಾಚಿದ ಹಾಗಾಯ್ತು, ಅಪಾಯ. ಹಾಗಂತ ಕೊಳವೆಯೊಳಗೇ ನಿಲ್ಲಿಸಿದ್ರೆ ಏನೂ ಕೇಳಲ್ಲ. ನಿಮ್ಮ ವಾಲ್ವ್ 80 ಮಿಲಿಮೀಟರಿನದು. ಎಣ್ಣೆ ತುಂಬಿದ 80 ಮಿಲಿಮೀಟರ್ ಕೊಳವೆಯೊಳಗೆ ಸುಮಾರು 1.5 ಗಿಗಾಹರ್ಟ್ಸಿಗಿಂತ ಕೆಳಗಿನ ಅಲೆ ಹರಿಯೋದೇ ಇಲ್ಲ. ಬಾಯಲ್ಲೇ ಸಾಯತ್ತೆ. ಉದ್ದದ ಅಲೆಗೆ ಆ ಕೊಳವೆ ಇಕ್ಕಟ್ಟು. ನಮಗೆ ಬೇಕಾದ ಶಕ್ತಿ ಬಹಳಷ್ಟು ಇರೋದು ಅದಕ್ಕಿಂತ ಕೆಳಗೆ. ಹಾಗಾಗಿ ತುದಿ ಟ್ಯಾಂಕಿನ ಒಳಗೋಡೆ ದಾಟಿ ನಾಲ್ಕೈದು ಸೆಂಟಿಮೀಟರ್ ಮುಂದೆ ಇರಬೇಕು. ಡ್ರಾಯಿಂಗ್ ನೋಡಿ ಗೋಡೆಯ ದಪ್ಪ, ಕೊಳವೆಯ ಉದ್ದ ಲೆಕ್ಕ ಹಾಕಿ, ಕಡ್ಡಿಯ ಮೇಲೆ ಗುರುತು ಹಾಕಿಕೊಂಡೇ ಹೋಗೋದು. ಅಷ್ಟೆಲ್ಲ ಮಾಡಿ ಅಲ್ಲಿ ಹೋದ್ರೆ ಕೆಲವು ಕಡೆ ಬಟರ್‌ಫ್ಲೈ ವಾಲ್ವ್ ಇರತ್ತೆ.

— ಮಧ್ಯದಲ್ಲಿ ತಟ್ಟೆ ಅಡ್ಡ. ಕಡ್ಡಿ ಹೋಗಲ್ಲ.

— ವಾಪಸ್ ಬರೋದು. ಗೇಟ್ ವಾಲ್ವೇ ಬೇಕು.

— ನಮ್ಮದರಲ್ಲಿ ಗೇಟ್ ವಾಲ್ವೇ ಇದೆ, ಮೇಲೊಂದು ಕೆಳಗೊಂದು. ಫಿಲ್ಟರ್ ಮಷಿನ್ ಹಚ್ಚೋಕೆ ಅಂತ ಇಟ್ಟದ್ದು. ಇನ್ನೊಂದು ತಾಪತ್ರಯ ಕೇಳ್ತೀನಿ. ಗೇಟಿನ ಎದುರುಗಡೆ ಮೊಬೈಲ್ ಟವರ್ ನಿಲ್ಲಿಸಿದ್ದಾರೆ. 900 ಮೆಗಾಹರ್ಟ್ಸ್, 1800 ಮೆಗಾಹರ್ಟ್ಸ್, ಎಲ್ಲ ನಿನ್ನ ಪಟ್ಟೆಯೊಳಗೇ ಬಂತಲ್ಲ?

— ಬಂತು. ಟ್ಯಾಂಕು ತಡಿಯತ್ತೆ ಅಂದ್ರೂ ಕೇಬಲಲ್ಲಿ, ಗ್ಯಾಸ್ಕೆಟ್ ಸಂದಿಯಲ್ಲಿ ಅಷ್ಟಿಷ್ಟು ನುಸುಳತ್ತೆ. ಆದ್ರೆ ಮೊಬೈಲಿಗೆ ನಿಮ್ಮ 50 ಹರ್ಟ್ಸ್ ಜೊತೆ ಯಾವ ನೆಂಟಸ್ತಿಕೆಯೂ ಇಲ್ಲ. ಒಂದು ಸೈಕಲ್ ಅಂದ್ರೆ 20 ಮಿಲಿಸೆಕೆಂಡ್. ಅದನ್ನ ಅಡ್ಡ ಗೆರೆಯಾಗಿ ಹಾಕಿ, ಪ್ರತಿ ಪಲ್ಸ್ ಸೈಕಲಿನ ಯಾವ ಜಾಗದಲ್ಲಿ ಬಂತು, ಎಷ್ಟು ಎತ್ತರ ಬಂತು ಅಂತ ಚುಕ್ಕಿ ಇಡ್ತಾ ಹೋದ್ರೆ, ಮೊಬೈಲಿನ ಚುಕ್ಕಿ ಇಡೀ ಗೆರೆಯ ಮೇಲೆ ಚೆಲ್ಲಾಪಿಲ್ಲಿ. ಪಿಡಿಯ ಚುಕ್ಕಿ ಎರಡು ಗುಂಪಾಗಿ ಕೂರತ್ತೆ, ಧನ ಅರ್ಧದಲ್ಲಿ ಒಂದು, ಋಣ ಅರ್ಧದಲ್ಲಿ ಒಂದು. ಗುಳ್ಳೆಯದ್ದಾದ್ರೆ ವೋಲ್ಟೇಜ್ ಸೊನ್ನೆ ದಾಟಿ ಏರ್ತಾ ಇರೋ ಜಾಗದಲ್ಲಿ. ಎಲ್ಲೂ ಕಚ್ಚಿಕೊಳ್ಳದೆ ತೇಲ್ತಿರೋ ಲೋಹದ ತುಂಡಿನದ್ದಾದ್ರೆ ಎಲ್ಲ ಒಂದೇ ಎತ್ತರ, ಕತ್ತರಿಸಿ ಇಟ್ಟ ಹಾಗೆ ಸಮ. ಟ್ಯಾಪ್ ಬದಲಾದಾಗಲೂ ಕಿಡಿ ಬರತ್ತೆ, ಅದು ಹತ್ತಾರು ಮಿಲಿಸೆಕೆಂಡಲ್ಲಿ ಮುಗಿದೂ ಹೋಗತ್ತೆ. ಟ್ಯಾಪ್ ಕೌಂಟರಿನ ಸಮಯ ತಾಳೆ ಹಾಕಿ ತೆಗೆದುಬಿಡ್ತೀವಿ.

— ಒಂದು ಟ್ಯಾಂಕಲ್ಲಿ ಮೂರು ಫೇಸ್. ಯಾವ ಫೇಸಿನ ಸೈಕಲ್ ಇಟ್ಟುಕೊಂಡು ಚುಕ್ಕಿ ಇಡ್ತೀಯ?

— ಯಾವುದಾದ್ರೂ ಒಂದು, ಕಂಟ್ರೋಲ್ ರೂಮಿಗೆ ಬರೋ ಪಿಟಿ ವೋಲ್ಟೇಜಿಂದ. ಆಮೇಲೆ ಚಿತ್ರವನ್ನ 120 ಡಿಗ್ರಿ, 240 ಡಿಗ್ರಿ ಸರಿಸಿ ನೋಡೋದು. ಯಾವ ಜಾಗಕ್ಕೆ ಸರಿಸಿದಾಗ ಪಿಡಿಯ ಹಾಗೆ ಅರ್ಥವಾಗಿ ಕಾಣತ್ತೋ ಆ ಫೇಸು. ಅದು ಪಕ್ಕಾ ಪುರಾವೆ ಅಲ್ಲ. ಎರಡು ಫೇಸಿನ ನಡುವೆ ಹಾರೋ ಕಿಡಿಯೂ ಇರತ್ತೆ, ಆಗ ಈ ಲೆಕ್ಕ ಕೂಡಲ್ಲ. ಜಾಗದ ಲೆಕ್ಕ ಬೇರೆಯಾಗಿ ಬಂದು ಎರಡೂ ಒಂದೇ ಫೇಸ್ ತೋರಿಸಿದ್ರೆ ಧೈರ್ಯ.

— ಆಯ್ತು. ಈಗ ನನ್ನ ಅಸಲು ಪ್ರಶ್ನೆ. ಚಿತ್ರ ಬಂತು, ಜಾಗ ಬಂತು. ಇದು ಎಷ್ಟು ಪಿಕೊಕೂಲಂಬ್ ಅಂತ ಚೀಫ್ ಎಂಜಿನಿಯರ್ ಕೇಳ್ತಾರೆ. ಏನಂತೀಯ?

— ಹೇಳೋಕೆ ಆಗಲ್ಲ ಅಂತೀನಿ.

— ಮನೆಗೆ ಕಳಿಸ್ತಾರೆ.

— ಕಳಿಸಲಿ. ಆಂಟೆನಾ ಹೇಳೋದು ಮಿಲಿವೋಲ್ಟ್. ಅದೇ ಕಿಡಿ ಸೆನ್ಸರ್ ಪಕ್ಕದಲ್ಲಿದ್ರೆ ದೊಡ್ಡದು, ಸುರುಳಿಯ ಹಿಂದೆ ಇದ್ರೆ ಸಣ್ಣದು. ಅಷ್ಟೇ ಅಲ್ಲ, ಒಂದೇ ಚಾರ್ಜಿರೋ ಎರಡು ಕಿಡಿಯಲ್ಲಿ ಚುರುಕಾದದ್ದು ಜೋರಾಗಿ ಕೂಗತ್ತೆ, ನಿಧಾನದ್ದು ಮೆತ್ತಗೆ. ಮಿಲಿವೋಲ್ಟನ್ನ ಪಿಕೊಕೂಲಂಬ್ ಮಾಡೋ ಗುಣಕ ಅಂತ ಒಂದಿಲ್ಲ. 2016ರಲ್ಲಿ ಈ ವಿಧಾನಗಳಿಗೆ ಅಂತಲೇ ಬಂದ ಐಇಸಿ 62478ರಲ್ಲೂ ಪಿಕೊಕೂಲಂಬಿಗೆ ಕ್ಯಾಲಿಬ್ರೇಟ್ ಮಾಡೋಕೆ ಬರಲ್ಲ ಅಂತಲೇ ಇದೆ. ಒಂದು ಸೆನ್ಸರಿಂದ ಸುಳ್ಳು ಪಲ್ಸ್ ಬಿಟ್ಟು ಇನ್ನೊಂದರಲ್ಲಿ ಕೇಳಿ, ಸರಂಜಾಮು ಬದುಕಿದೆ, ದಾರಿ ತೆರೆದಿದೆ ಅಂತ ನೋಡಿಕೋಬಹುದು. ಅಳತೆ ಅಂತೂ ಆಗಲ್ಲ. ಮಾರೋಕೆ ಬರೋ ಕೆಲವರು ಪರದೆ ಮೇಲೆ ಪಿಕೊಕೂಲಂಬ್ ಅಂತ ತೋರಿಸ್ತಾರೆ, ನನಗೆ ಮೈ ಉರಿಯತ್ತೆ.

— ಹಾಗಾದ್ರೆ ಇದರಿಂದ ತೀರ್ಮಾನ ಹೇಗೆ? 100 ಎಂವಿಎ ಯೂನಿಟ್ ಲೈನಿಂದ ತೆಗೆಯೋದು ಅಂದ್ರೆ ಅರ್ಧ ತಾಲೂಕಿಗೆ ಲೋಡ್ ಶೆಡ್ಡಿಂಗ್. ಆಂಟೆನಾ ಕೂಗ್ತು ಅಂತ ತೆಗೀಬೇಕಾ, ಇನ್ನೂ ಕೂಗಲಿ ಅಂತ ಕಾಯಬೇಕಾ?

— ಆಂಟೆನಾದ ಮಾತು ಒಂದನ್ನೇ ಕೇಳಿ ತೆಗೆಯಬಾರದು. ಗ್ಯಾಸಿನ ಜೊತೆ ಇಟ್ಟು ನೋಡಬೇಕು. ಹೈಡ್ರೋಜನ್ ಏರ್ತಿದೆ, ಆಂಟೆನಾ ತಿಂಗಳುಗಟ್ಟಲೆ ಮೌನ. ಆಗ ಎಣ್ಣೆಯ ಚಾಳಿ ಇರಬಹುದು ಅಂತ ಅನುಮಾನ ಆ ಕಡೆ ವಾಲತ್ತೆ. ಎಥಿಲೀನ್ ಏರ್ತಿದೆ, ಆಂಟೆನಾ ಮೌನ. ಎಲ್ಲೋ ಜಾಯಿಂಟ್ ಸಡಿಲಾಗಿ ಕಾಯ್ತಿದೆ. ಬರೀ ಕಾಯೋದು ರೇಡಿಯೋಗೆ ಕೇಳಲ್ಲ. ಇನ್ನು ಅಸಿಟಿಲೀನ್ ಬಂದಿದೆ, ಆಂಟೆನಾ ಮೌನ...

— ಟ್ಯಾಪ್ ಚೇಂಜರ್ ಎಣ್ಣೆ ಮೇನ್ ಟ್ಯಾಂಕಿಗೆ ಸೋರ್ತಿದೆ! ಡೈವರ್ಟರ್ ಸ್ವಿಚ್ ಇರೋ ಕಡೆ ಕಿಡಿ ಹಾರೋದು ಮಾಮೂಲು, ಆ ಎಣ್ಣೆಯಲ್ಲಿ ಅಸಿಟಿಲೀನ್ ತುಂಬಿರತ್ತೆ. ಸೀಲ್ ಹೋದ್ರೆ ಈ ಕಡೆ ಬರತ್ತೆ. ಹೊಸಬರು ರಿಪೋರ್ಟ್ ನೋಡಿ ಟ್ರಾನ್ಸ್‌ಫಾರ್ಮರೇ ಹೋಯ್ತು ಅಂತ ಗಾಬರಿ ಬೀಳ್ತಾರೆ.

— ನೋಡಿ, ಇದು ನಿಮಗೆ ಗೊತ್ತಿರೋದೇ. ಆಂಟೆನಾ ಮೌನವಾಗಿದ್ದದ್ದೂ ಅಲ್ಲಿ ಒಂದು ಸುದ್ದಿ. ಅದರ ಬದಲು ಹೈಡ್ರೋಜನ್ ಏರ್ತಿದೆ, ಆಂಟೆನಾ ಕೂಗ್ತಿದೆ, ಚುಕ್ಕಿ ಎರಡು ಗುಂಪಾಗಿ ಕೂತಿದೆ, ಸದ್ದಿನ ಲೆಕ್ಕ ಸುರುಳಿಯ ತಲೆಭಾಗ ತೋರಿಸ್ತಿದೆ ಅಂದ್ರೆ ನಾನು ಚೀಫ್ ಎಂಜಿನಿಯರ್ ರೂಮಿಗೆ ನಡುಗದೆ ಹೋಗ್ತೀನಿ. ಒಂದು ದಿನದ ಅಳತೆ ಸಾಲದು, ಅದೂ ನಿಜ. ಪಿಡಿ ಬೆಳಿಗ್ಗೆ ಇದ್ದದ್ದು ಸಂಜೆ ಇರಲ್ಲ. ಲೋಡು ಏರಿ ಎಣ್ಣೆ ಬಿಸಿಯಾದಾಗ ಕಾಗದದೊಳಗಿನ ತೇವ ಎಣ್ಣೆಗೆ ಬಿಡತ್ತೆ, ತಣ್ಣಗಾದಾಗ ವಾಪಸ್ ಹೋಗತ್ತೆ, ಕಿಡಿಯೂ ಅದರ ಜೊತೆ ಏರತ್ತೆ, ಇಳಿಯತ್ತೆ. ಸೆನ್ಸರ್ ಅಲ್ಲೇ ಬಿಟ್ಟು ವಾರಗಟ್ಟಲೆ ಕೇಳಬೇಕು. ಮಿಲಿವೋಲ್ಟ್ ಎಷ್ಟು ಅನ್ನೋದಕ್ಕಿಂತ ಹೋದ ವಾರಕ್ಕಿಂತ ಎಷ್ಟು, ಸೆಕೆಂಡಿಗೆ ಎಷ್ಟು ಸಲ, ಗುಂಪಿನ ಆಕಾರ ಬದಲಾಯ್ತಾ, ಇದು ಮುಖ್ಯ.

— ತೇಲ್ತಿರೋ ಲೋಹ ಅಂದೆಯಲ್ಲ, ಅದು ಜೋರಾಗಿ ಕೂಗೋದಲ್ವಾ?

— ಎಲ್ಲಕ್ಕಿಂತ ಜೋರು. ಶೀಲ್ಡಿನ ಒಂದು ಬೋಲ್ಟ್ ಸಡಿಲಾಗಿ ಕೂತಿದ್ರೆ ಸಾಕು, ಪರದೆ ತುಂಬ ಚುಕ್ಕಿ. ಕಾಗದಕ್ಕೆ ತಗಲದೆ ಎಣ್ಣೆಯಲ್ಲೇ ಆದ್ರೆ ಅದರೊಂದಿಗೆ ಬಹಳ ಕಾಲ ಬಾಳಬಹುದು. ಪ್ರೆಸ್‌ಬೋರ್ಡ್ ಮೇಲೆ ಹರಿದಾಡೋ ಕಿಡಿ ಮೆತ್ತಗೆ ಕೂಗಿದ್ರೂ ಮನೆ ಹಾಳು ಮಾಡತ್ತೆ. ಅದಕ್ಕೇ ಇಷ್ಟು ಮಿಲಿವೋಲ್ಟ್ ದಾಟಿದ್ರೆ ಅಲಾರ್ಮ್ ಅಂತ ಒಂದೇ ಗೆರೆ ಎಳೆದು ಕೂರೋದಕ್ಕೆ ನಾನು ಒಪ್ಪಲ್ಲ. ಕೂಗಿದ್ದು ಯಾವುದು ಅಂತ ಮೊದಲು ಗೊತ್ತಾಗಬೇಕು. ಅದನ್ನ ಸಾಫ್ಟ್‌ವೇರ್ ಹೇಳತ್ತೆ ಅಂತಾರೆ. ಗುಂಪು ಸ್ಪಷ್ಟವಾಗಿದ್ದಾಗ ಹೇಳತ್ತೆ, ಎರಡು ಕಡೆ ಒಟ್ಟಿಗೆ ಕಿಡಿ ಹಾರಿ ಚಿತ್ರ ಕಲಸಿಹೋದಾಗ ನಾವೇ ಕೂತು ನೋಡಬೇಕು.

— ನಮ್ಮೂರ ರೈತರು ಹೊಲದ ಸಣ್ಣ ಟ್ರಾನ್ಸ್‌ಫಾರ್ಮರ್, ಅಂದ್ರೆ ಟಿಸಿ, ಸುಟ್ಟೋಯ್ತು ಅಂತ ತಿಂಗಳಿಗೊಮ್ಮೆ ಆಫೀಸ್ ಮುಂದೆ ಕೂರ್ತಾರೆ. ಅವಕ್ಕೂ ಇದನ್ನ ಹಾಕ್ತೀರಾ ಅಂತ ಮೊನ್ನೆ ಒಬ್ಬರು ನನ್ನ ಕೇಳಿದ್ರು.

— ಆ ಟಿಸಿಗಳು ಪಿಡಿಯಿಂದ ಸುಡೋದಲ್ಲ ಮಾವ. 63 ಕೆವಿಎಗೆ ಸಿಕ್ಕಾಪಟ್ಟೆ ಪಂಪ್‌ಸೆಟ್ ಕಟ್ಟಿರ್ತಾರೆ, ಫ್ಯೂಸ್ ಜಾಗದಲ್ಲಿ ದಪ್ಪ ತಂತಿ ಸುತ್ತಿರ್ತಾರೆ, ಎಣ್ಣೆ ಅರ್ಧ ಇಳಿದಿರತ್ತೆ. ಅದಕ್ಕೆ ಬೇಕಿರೋದು ಸರಿಯಾದ ಫ್ಯೂಸು. ಆಂಟೆನಾದ ಬೆಲೆಯಲ್ಲಿ ಟಿಸಿಯೇ ಬಂದುಬಿಡತ್ತೋ ಏನೋ. ಇದು 220 ಕೆವಿ, 400 ಕೆವಿ ಯೂನಿಟ್‌ಗಳಿಗೆ. ಒಂದು ಹೋದ್ರೆ ಇನ್ನೊಂದು ತರಿಸೋಕೆ ತಿಂಗಳುಗಟ್ಟಲೆ ಕಾಯಬೇಕಾದಂಥವಕ್ಕೆ. ಯಾರ್ಡಿನ ಕರೆಂಟ್ ಟ್ರಾನ್ಸ್‌ಫಾರ್ಮರ್, ಬುಶಿಂಗ್ ನೋಡೋಕೆ ವ್ಯಾನಿನ ಮೇಲೆ ನಾಲ್ಕು ಆಂಟೆನಾ ಇಟ್ಟು ಸುತ್ತು ಹಾಕೋ ಪದ್ಧತಿ ಒಂದಿದೆ, ಅದು ಬೇರೆ ಕಥೆ. ಅಲ್ಲಿ ತಡೆಯೋಕೆ ಟ್ಯಾಂಕಿನ ಗೋಡೆ ಇಲ್ಲ, ನಿಮ್ಮ ಟವರು ನೇರ ಕಿವಿಗೇ ಬರತ್ತೆ.

— ಡ್ರೇನ್ ವಾಲ್ವ್ ಎರಡೇ ಇರೋದು. ನಿನಗೆ ನಾಲ್ಕು ಸೆನ್ಸರ್ ಬೇಕು. ಉಳಿದೆರಡು?

— ಹಳೇದರಲ್ಲಿ ಇಲ್ಲ. ಇರೋ ಎರಡು ಆಂಟೆನಾ, ಹೊರಗೆ ಸದ್ದಿನ ಸೆನ್ಸರು, ಅಷ್ಟರಲ್ಲೇ ಸಂಭಾಳಿಸಬೇಕು. ಟ್ಯಾಂಕಿಗೆ ಹೊಸ ತೂತು ಕೊರೆಯೋಕೆ ಯಾರೂ ಒಪ್ಪಲ್ಲ, ಒಪ್ಪಲೂಬಾರದು. ಹೊಸದು ಕೊಳ್ಳುವಾಗ ಕೇಳಿಬಿಡಬೇಕು. ಟ್ಯಾಂಕಿನಲ್ಲಿ ದುಂಡಗೆ ಕಿಟಕಿ, ಅದಕ್ಕೆ ಲೋಹದ ಬದಲು ಎಣ್ಣೆಯನ್ನೂ ಶಾಖವನ್ನೂ ತಡೆಯೋ ಪ್ಲಾಸ್ಟಿಕ್ ಬಿಲ್ಲೆ, ಮೇಲೆ ಲೋಹದ ಮುಚ್ಚಳ. ಸೆನ್ಸರ್ ಆಗಲೇ ಕೊಳ್ಳಬೇಕೂ ಅಂತಿಲ್ಲ. ಕಿಟಕಿ ಇದ್ರೆ ಹತ್ತು ವರ್ಷ ಆದ ಮೇಲೆ ಬೇಕಾದಾಗ ಮುಚ್ಚಳ ತೆಗೆದು ಹೊರಗಿನಿಂದ ಹಚ್ಚಬಹುದು, ಎಣ್ಣೆ ಮುಟ್ಟೋದೇ ಬೇಡ. ಫ್ಯಾಕ್ಟರಿಯಲ್ಲಿ ಟ್ಯಾಂಕ್ ಬೆಸುಗೆ ಹಾಕುವಾಗ ಅದಕ್ಕೆ ಖರ್ಚು ಅಂತ ಹೇಳೋ ಹಾಗೇ ಇಲ್ಲ. ಟೆಂಡರಲ್ಲಿ ಒಂದು ಸಾಲು ಬರೆಯೋಕೆ ಮಾತ್ರ ಯಾರಿಗೂ ನೆನಪಾಗಲ್ಲ.

— ಹೊಸ ಯೂನಿಟಿನ ಸ್ಪೆಸಿಫಿಕೇಷನ್ ಕರಡು ನನ್ನ ಟೇಬಲ್ ಮೇಲಿದೆ. ಹಳೇ ಮನುಷ್ಯ, ಒಂದು ಕಣ್ಣು ಹಾಯಿಸಿ ಅಂತ ಕಳಿಸಿದ್ದಾರೆ. ಎಲ್ಲೆಲ್ಲಿ ಬೇಕು ಹೇಳು.

— ನಾಲ್ಕೂ ಮೇಲ್ಮುಚ್ಚಳದಲ್ಲೇ ಇಡಬೇಡಿ. ಎಲ್ಲ ಒಂದೇ ಮಟ್ಟದಲ್ಲಿದ್ರೆ ಎತ್ತರದ ಲೆಕ್ಕ ನೆಟ್ಟಗೆ ಬರಲ್ಲ. ಎರಡು ಹೈ ವೋಲ್ಟೇಜ್ ಕಡೆಯ ಗೋಡೆಯಲ್ಲಿ, ಒಂದು ಮೇಲೆ ಒಂದು ಕೆಳಗೆ, ಅಡ್ಡ ಮೂಲೆಗೆ. ಇನ್ನೆರಡು ಎದುರು ಗೋಡೆಯಲ್ಲಿ, ಅದೇ ರೀತಿ ಅಡ್ಡಡ್ಡ. ಗೋಡೆಗೆ ಶಂಟ್ ಹೊಡೆದಿರೋ ಜಾಗದಲ್ಲಿ ಇಟ್ರೆ ಅಲೆಗೆ ದಾರಿಯೇ ಇರಲ್ಲ, ಅಲ್ಲಿ ತಪ್ಪಿಸಿ. ಟ್ಯಾಪ್ ಚೇಂಜರಿನ ಹಿಂದೆಯೂ ಬೇಡ. ಕಿಟಕಿಯ ಮುಂದೆ ರೇಡಿಯೇಟರ್ ಬಂದು ಕೈ ಹೋಗದ ಹಾಗೆ ಮಾಡಿಬಿಡ್ತಾರೆ, ಅದನ್ನೂ ಡ್ರಾಯಿಂಗಲ್ಲೇ ನೋಡಿಕೊಳ್ಳಿ. ಎಲ್ಲ ಕಿಟಕಿಯ ನಡುಬಿಂದು ಟ್ಯಾಂಕಿನ ಯಾವ ಮೂಲೆಯಿಂದ ಎಷ್ಟು ಮಿಲಿಮೀಟರ್ ಅಂತ ಬರೆದುಕೊಡಲಿ. ಇಲ್ಲದಿದ್ರೆ ಆಮೇಲೆ ಟೇಪ್ ಹಿಡಿದು ನಾವು ಟ್ಯಾಂಕಿನ ಸುತ್ತ ತೆವಳಬೇಕು.

— ತಡಿ, ಬರೆದುಕೊಳ್ತೀನಿ. ಗ್ಯಾಸ್ಕೆಟ್ ಯಾವುದು?

— ನೈಟ್ರೈಲ್ ರಬ್ಬರ್ ಅಂತಾರೆ.

— ಅದು ಬಿಸಿಗೆ ಗಟ್ಟಿಯಾಗಿ ಬಿರಿಯತ್ತೆ. ಎಣ್ಣೆ ಸೋರೋದು ಮೊದಲು ಇಂಥ ಕಡೆಯೇ, ಅದೂ ಕೆಳಗಿನ ಎರಡು ಕಿಟಕಿಯಲ್ಲಿ. ಒಂದು ಬದಲಾಯಿಸಬೇಕಾದ್ರೂ ಕಿಟಕಿಯ ಮಟ್ಟಕ್ಕಿಂತ ಕೆಳಗೆ ಎಣ್ಣೆ ಇಳಿಸಬೇಕಾಗತ್ತೆ, ಆಗ ಕಾಗದ ಗಾಳಿಗೆ ಬಿತ್ತು. ಗ್ಯಾಸ್ಕೆಟಿಗೆ ತೋಡು ಕೊರೆದು ಕೂರಿಸಲಿ, ಎಷ್ಟು ಬೇಕೋ ಅಷ್ಟೇ ಒತ್ತೋ ಹಾಗೆ. ಬೋಲ್ಟಿನ ಟಾರ್ಕ್ ಎಷ್ಟು ಅಂತ ಪ್ಲೇಟ್ ಮೇಲೆ ಕೊರೆದಿರಲಿ. ನಮ್ಮ ಹುಡುಗರು ಉದ್ದದ ಸ್ಪ್ಯಾನರ್ ಸಿಕ್ಕಿದ್ರೆ ಬಿಗೀತಾನೇ ಇರ್ತಾರೆ, ನಿನ್ನ ಪ್ಲಾಸ್ಟಿಕ್ ಬಿಲ್ಲೆ ಬಿರುಕು ಬಿಡತ್ತೆ. ಕೆಳಗಿನ ಎರಡನ್ನ ಬುಡದಿಂದ ಎಷ್ಟು ಮೇಲೆ ಇಡಲಿ?